ಬೀರುವಿನ ಹಿಂದಿನ ಅಮೆರಿಕ

ಕೆಳಮನೆಯ ಮುದುಕನನ್ನು ನಾನು ನಾಲ್ಕು ವರ್ಷ ಮನಸಾರೆ ದ್ವೇಷಿಸಿದೆ. ಈಗ ಐದನೆಯ ವರ್ಷ ನಡೆಯುತ್ತಿದೆ. ದ್ವೇಷ ತೀರಿತು ಎಂದರೆ ಸುಳ್ಳಾಗುತ್ತದೆ. ಅದರ ಹದ ಸ್ವಲ್ಪ ಬದಲಾಗಿದೆ, ಅಷ್ಟೆ.

ನಾವಿರುವುದು ಹೈಡೆಲ್‌ಬರ್ಗಿನಲ್ಲಿ, ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರ ಸಂಸಾರಗಳಿಗೆಂದು ಕಟ್ಟಿದ ಮನೆಗಳ ಸಾಲಿನಲ್ಲಿ. ಸೈನ್ಯ ಊರು ಬಿಟ್ಟ ಮೇಲೆ ಅವನ್ನು ಮಾರಿದರು. ನಮ್ಮ ಕಟ್ಟಡದಲ್ಲಿ ಎಂಟು ಮನೆ, ಎಂಟು ಜನ ಮಾಲೀಕರು. ನಾನೂ ನಮ್ಮ ಯಜಮಾನರೂ ಬೆಳಿಗ್ಗೆ ಒಂದೇ ಕಾರಿನಲ್ಲಿ ವಾಲ್‌ಡಾರ್ಫಿಗೆ ಹೋಗಿ, ಎರಡು ಬೇರೆ ಬೇರೆ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಸಂಜೆ ಅದೇ ಕಾರಿನಲ್ಲಿ ವಾಪಸು ಬರುತ್ತೇವೆ. ಬಂದ ತಕ್ಷಣ ನಾನು ಮೊದಲು ನೋಡುತ್ತಿದ್ದದ್ದು ನಮ್ಮ ಬಾಗಿಲಿಗೆ ಚೀಟಿ ಅಂಟಿದೆಯೋ ಇಲ್ಲವೋ ಎಂದು.

ಚೀಟಿ ಬರೆಯುವುದು ಮುದುಕನ ಕೆಲಸ. ಎಂಬತ್ತು ದಾಟಿದ ಕೈ. ಅಕ್ಷರ ಮಾತ್ರ ಅಡಿಪಟ್ಟಿ ಇಟ್ಟು ಬರೆದ ಹಾಗೆ. 'ನಿನ್ನೆ ನಿಮ್ಮ ಮನೆಯ ಮೊಸರಿನ ಡಬ್ಬ, ಬರೀ ಕಾಗದದ ಕಸ ಹಾಕಬೇಕಾದ ತೊಟ್ಟಿಯಲ್ಲಿತ್ತು.' 'ನಿಮ್ಮ ಒಗ್ಗರಣೆಯ ವಾಸನೆ ಮೆಟ್ಟಿಲ ಮೇಲೆ ಏಳು ಗಂಟೆಯವರೆಗೂ ಇತ್ತು.' 'ಭಾನುವಾರ ಬಟ್ಟೆಯ ಮೆಷಿನ್ ಓಡಿಸುವಂತಿಲ್ಲ. ಹೌಸ್‌ಓರ್ಡ್‌ನುಂಗ್, ಕಲಂ ಒಂಬತ್ತು.' ಹೌಸ್‌ಓರ್ಡ್‌ನುಂಗ್ ಎಂದರೆ ಕಟ್ಟಡದ ಕಟ್ಟಳೆಗಳ ಪಟ್ಟಿ. ಮೆಟ್ಟಿಲ ಬುಡದಲ್ಲಿ ಗಾಜು ಹಾಕಿಸಿ ನೇತುಹಾಕಿದ್ದಾರೆ. ಆ ಗಾಜನ್ನು ಮುದುಕ ವಾರಕ್ಕೊಮ್ಮೆ ಒರೆಸುತ್ತಿದ್ದ.

"ಹೋಗ್ಲಿ ಬಿಡು, ವಯಸ್ಸಾದ ಮನುಷ್ಯ," ಎನ್ನುತ್ತಿದ್ದರು ಯಜಮಾನರು.

"ವಯಸ್ಸಾಗಿರೋದು ಮನುಷ್ಯನಿಗೆ. ಮೊಸರಿನ ಡಬ್ಬ ಯಾರ ಮನೇದು ಅಂತ ಪತ್ತೆ ಹಚ್ಚೋ ಮೂಗಿಗೆ ಇನ್ನೂ ಹದಿನೆಂಟು!"

ನಾನೂ ಸುಮ್ಮನೆ ಬಿಟ್ಟವಳಲ್ಲ. ಮೆಟ್ಟಿಲ ಮೇಲೆ ಎದುರಾದರೆ ನಮಸ್ಕಾರ ಹೇಳುವುದನ್ನೇ ನಿಲ್ಲಿಸಿದೆ. ಈ ದೇಶದಲ್ಲಿ ಅದು ಕಪಾಳಕ್ಕೆ ಹೊಡೆದದ್ದಕ್ಕೆ ಸಮ.

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಎಂಟು ಮನೆಯ ಎಂಟು ಮೆಷಿನ್ ಒಂದು ಗೋಡೆಗೆ. ಎದುರು ಗೋಡೆಯ ತುಂಬ ಚಿತ್ರ. ಇಲ್ಲಿದ್ದ ಯಾವನೋ ಸೈನಿಕ ಬರೆದದ್ದಂತೆ, ಹೆಸರಿಲ್ಲ. ಮೇಲಿನ ಸಾಲಿನಲ್ಲಿ ಕಮಾನು ಕಟ್ಟಿದ ಎತ್ತಿನ ಗಾಡಿಗಳು ಬಲದಿಂದ ಎಡಕ್ಕೆ, ಎಂದರೆ ಪೂರ್ವದಿಂದ ಪಶ್ಚಿಮಕ್ಕೆ ಹೊರಟಿವೆ. ಹಿಂದೆಯೇ ರೈಲು. ಹುಲ್ಲಿನ ಬಣವೆಯ ಹಾಗೆ ಒಟ್ಟಿದ ಕಾಡೆಮ್ಮೆಗಳ ತಲೆಬುರುಡೆ. ಹೊಳೆಯಲ್ಲಿ ತಟ್ಟೆ ಹಿಡಿದು ಚಿನ್ನ ಸೋಸುವವರು. ಎಡತುದಿಯಲ್ಲಿ ಸಮುದ್ರ ಮುಟ್ಟಿದ ಮೇಲೆ ಚಿತ್ರ ಕೆಳಸಾಲಿಗೆ ಇಳಿದು, ಈ ಸಲ ಎಡದಿಂದ ಬಲಕ್ಕೆ ತಿರುಗುತ್ತದೆ: ಹೊಗೆ ಉಗುಳುವ ಕಾರ್ಖಾನೆಗಳು, ಹಡಗಿನ ತುಂಬ ಸೈನಿಕರು, ಕೆಸರು ತುಂಬಿದ ಕಂದಕ, ರೊಟ್ಟಿಗೆ ಸಾಲು ನಿಂತ ಜನ, ಮತ್ತೆ ಹಡಗುಗಳು, ವಿಮಾನಗಳು, ಸೂರು ಹಾರಿಹೋದ ಒಂದು ಊರು. ಅಲ್ಲಿಗೆ ಮೂಲೆ ಬಂತು. ಮೂಲೆಯಲ್ಲಿ ಒಂದು ಹಳೆಯ ಮರದ ಬೀರು. ಬೀರು ಮುದುಕನದು, ಒಳಗೆ ಸೋಪಿನ ಪುಡಿ, ಬ್ರಷ್ಷು.

ನಾಲ್ಕು ವರ್ಷ ಆ ಗೋಡೆಗೆ ಬೆನ್ನು ಹಾಕಿ ಬಟ್ಟೆ ಒಗೆದಿದ್ದೇನೆ. ಅದನ್ನು ಮೊದಲು ಸರಿಯಾಗಿ ನೋಡಿದವಳು ನನ್ನ ಮಗಳು. ಒಂಬತ್ತನೆಯ ತರಗತಿ. ಇತಿಹಾಸದಲ್ಲಿ ಅಮೆರಿಕದ ಪಾಠ ನಡೆದಿತ್ತು, ಪಶ್ಚಿಮಕ್ಕೆ ಹೊರಟ ಗಾಡಿಗಳಿಂದ ಎರಡು ಮಹಾಯುದ್ಧಗಳವರೆಗೆ. ಅದರ ಮೇಲೆ ಒಬ್ಬೊಬ್ಬರೂ ರೆಫೆರಾಟ್ ಕೊಡಬೇಕು, ತರಗತಿಯ ಮುಂದೆ ನಿಂತು ಒಪ್ಪಿಸುವ ವರದಿ. ಅವಳು ಟೀಚರಿಗೆ ನಮ್ಮ ನೆಲಮಾಳಿಗೆಯ ಗೋಡೆಯ ಫೋಟೋ ತೋರಿಸಿದಳು. ಟೀಚರು, ಹಾಗಾದರೆ ಇಡೀ ತರಗತಿಯನ್ನೇ ಅಲ್ಲಿಗೆ ಕರೆತರುತ್ತೇನೆ, ಗೋಡೆಯ ಮುಂದೆ ನಿಂತೇ ಹೇಳು ಎಂದರು.

ಇದು ಸಣ್ಣ ವಿಷಯ ಅಲ್ಲ. ಬಾಗಿಲ ಮೇಲಿನ ಚೀಟಿಗಳಿಗೆ ನಾಚಿಕೊಂಡು ನನ್ನ ಮಗಳು ನಾಲ್ಕು ವರ್ಷದಲ್ಲಿ ಒಬ್ಬ ಗೆಳತಿಯನ್ನೂ ಮನೆಗೆ ಕರೆದಿರಲಿಲ್ಲ. 'ಒಗ್ಗರಣೆಯ ವಾಸನೆ' ಎಂದು ಜರ್ಮನಿನಲ್ಲಿ ಬರೆದದ್ದನ್ನು ಯಾರಾದರೂ ಓದಿಬಿಟ್ಟರೆ? ಅಂಥವಳು ಈಗ ಇಪ್ಪತ್ತಾರು ಜನರನ್ನು ಕರೆಯಲು ಹೊರಟಿದ್ದಳು.

ಹಾಗಾಗಿ ದಿನಾ ಸಂಜೆ ನಾವಿಬ್ಬರೂ ಬಟ್ಟೆ ಬುಟ್ಟಿಯ ನೆಪದಲ್ಲಿ ಕೆಳಗೆ. ಕತೆ ಹೇಳುವುದು ನನಗೆ ನಾನಿಯಿಂದ ಬಂದದ್ದು. ತಾಯಿಯ ತಾಯಿ ನನ್ನ ನಾನಿ ಹಾಸನ ಸೀಮೆಯಲ್ಲಿ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು. ಹೆಂಗಸರ ಜಗುಲಿಯ ಮೇಲೆ ಕೂತು ಕಲಿತ ಕನ್ನಡ ಅವಳದು, ನನಗೆ ಕೊಟ್ಟದ್ದೂ ಅದನ್ನೇ. ಬಿಗಿಯಾದ ಬಳೆ ಏರಿಸುವಾಗ ಕೈಯ ನೋವು ಗೊತ್ತಾಗದ ಹಾಗೆ ಒಂದು ಕತೆ ಎತ್ತಿಕೊಳ್ಳಬೇಕು, ಅದು ಅವಳ ಕಸುಬಿನ ಗುಟ್ಟು. ಇತಿಹಾಸವನ್ನೂ ನಾನು ಹಾಗೇ ಏರಿಸುತ್ತಿದ್ದೆ.

"ಸರ್ಕಾರ ಹೇಳ್ತು: ಹೋಗಿ, ಗೂಟ ಹೊಡೀರಿ, ಮನೆ ಕಟ್ಕೊಳಿ, ಐದು ವರ್ಷ ಉಳೀರಿ, ನೆಲ ನಿಮ್ದೇ ಅಂತ. ಇನ್ನೇನು ಬೇಕು? ಮಕ್ಕಳು ಮರಿ ಕಟ್ಕೊಂಡು ಹೊರಟ್ರು."

"ಅಲ್ಲಿ ಆಗ್ಲೇ ಇದ್ದವರು?" ಮಗಳು ಜರ್ಮನಿನಲ್ಲೇ ಕೇಳುವುದು, ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಅವರನ್ನ ಯಾರು ಕೇಳ್ತಾರೆ?"

ಅವಳು ಗಾಡಿಗಳ ಮೇಲಿನ ಗುಡ್ಡ ತೋರಿಸಿದಳು. ಅಲ್ಲಿ ಮೂರು ಜನ ಕೂತಿದ್ದಾರೆ, ಹೊದಿಕೆ ಹೊದ್ದು. "ಅಮ್ಮಿ, ಇವರಿಗೆ ಮುಖಾನೇ ಬರೆದಿಲ್ಲ ನೋಡು."

ನಿಜ. ಎತ್ತುಗಳಿಗೂ ಕಣ್ಣು ಮೂಗು ಇತ್ತು. ಆ ಮೂವರದು ಬರೀ ಬೆನ್ನು.

ಹೀಗೆ ನೋಡುತ್ತ ನೋಡುತ್ತ ಅವಳಿಗೆ ಬೀರುವಿನ ಅನುಮಾನ ಬಂತು. ಸೂರು ಹಾರಿದ ಊರಿನ ರಸ್ತೆಯೊಂದು ಬೀರುವಿನ ಹಿಂದಕ್ಕೆ ಹೋಗುತ್ತಿತ್ತು.

"ಕಲಂ ನಾಲ್ಕು!" ಎಂದು ಕೂಗಿದಳು. "ಎಲ್ಲರಿಗೂ ಸೇರಿದ ಜಾಗದಲ್ಲಿ ಯಾರದೇ ಸ್ವಂತ ಪೀಠೋಪಕರಣ ಇಡುವಂತಿಲ್ಲ! ಅಮ್ಮಿ, ಆ ಮನುಷ್ಯ ಇಷ್ಟು ವರ್ಷ ತನ್ನ ಕಟ್ಟಳೆ ತಾನೇ ಮುರೀತಿದ್ದಾನೆ!"

ನನಗೆ ಆದ ಸಂತೋಷ ಹೇಳತೀರದು. ಇಬ್ಬರೂ ಭುಜ ಕೊಟ್ಟು ಬೀರು ಸರಿಸಿದೆವು.

ಹಿಂದೆ ಒಬ್ಬ ಹೆಂಗಸು. ಬಕೆಟ್ಟಿನ ಮುಂದೆ ಮಂಡಿಯೂರಿದ್ದಾಳೆ. ಸೌತೆಕಾಯಿಯಂಥ ಮೂಗು, ಟೊಮೆಟೊದಂಥ ಕೆನ್ನೆ, ಆ ಮೂಲೆಯ ಅರ್ಧ ತುಂಬುವ ಹಿಂಭಾಗ, ಅಗಲಿಸಿ ನಗುತ್ತಿರುವ ಬಾಯಲ್ಲಿ ಮೂರೇ ಹಲ್ಲು. ಮೇಲಿನಿಂದ ಒಬ್ಬ ಸೈನಿಕ ಅವಳ ಬಾಯಿಗೆ ಚಾಕಲೇಟು ಹಿಡಿದಿದ್ದಾನೆ, ನಾಯಿಗೆ ಬಿಸ್ಕತ್ತು ಹಿಡಿಯುವ ಹಾಗೆ. ಗಾಡಿ, ರೈಲು, ಹಡಗು ಎಲ್ಲ ದಾಟಿ ಅಮೆರಿಕದ ಇತಿಹಾಸ ಬಂದು ಮುಗಿದದ್ದು ಇಲ್ಲಿ.

ನಾವು ನಕ್ಕೆವು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಗಳು ಬಾಯಗಲಿಸಿ ಮೂರು ಬೆರಳು ಹಲ್ಲಿನಂತೆ ಇಟ್ಟು ತೋರಿಸಿದಳು.

"ಬೀರು ಮುಟ್ಟಿದ್ದು ಯಾರು?"

ಬಾಗಿಲಲ್ಲಿ ಮುದುಕ. ಚೀಟಿಯ ಹೊರತು ಮಾತೇ ಆಡದವನು ಅವತ್ತು ಕೂಗಿದ್ದು.

"ಕಲಂ ನಾಲ್ಕು," ಎಂದೆ. ಎಷ್ಟು ತಣ್ಣಗೆ ಹೇಳಿದೆ ಎಂದು ಇವತ್ತಿಗೂ ನೆನಪಿದೆ.

ಆತ ನನ್ನನ್ನು ನೋಡಲಿಲ್ಲ. ಮಗಳ ಬಾಯಿಂದ ಇನ್ನೂ ಇಳಿಯದಿದ್ದ ಮೂರು ಬೆರಳನ್ನು ನೋಡಿ, ತಿರುಗಿ ಹತ್ತಿ ಹೋದ. ಮರುದಿನ ಚೀಟಿ ಇಲ್ಲ. ಗೆದ್ದೆವು ಎಂದುಕೊಂಡೆ. ಆದರೆ ವಾರ ಕಳೆಯುವುದರೊಳಗೆ ಎಂಟೂ ಮನೆಗೆ ಕಾಗದ ಬಂತು: ಮುಂದಿನ ಮಾಲೀಕರ ಸಭೆಯಲ್ಲಿ ಹೊಸ ಪ್ರಸ್ತಾಪ, ಒಗೆಯುವ ಕೋಣೆಯ ಗೋಡೆಗೆ ಪೂರ್ತಿ ಬಿಳಿ ಬಣ್ಣ ಬಳಿಯುವುದು. ಕಾರಣ: ತೇವ. ಪ್ರಸ್ತಾಪ ತಂದವರು: ಕೆಳಮನೆ. ಸಭೆ ಇದ್ದದ್ದು ಮಗಳ ತರಗತಿ ಬರುವುದಕ್ಕೆ ಒಂಬತ್ತು ದಿನ ಮೊದಲು.

"ನನ್ನ ಮೇಲಿನ ಸಿಟ್ಟಿಗೆ ಮಾಡ್ತಿರೋದು," ಎಂದಳು ಮಗಳು. ಕಣ್ಣಲ್ಲಿ ನೀರಿತ್ತು, ಹರಿಯಲು ಬಿಡಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸಭೆಗೆ ಮುಂಚೆ ರಂಜಾನ್ ಹಬ್ಬ ಬಂತು. ಹಬ್ಬದ ಮಧ್ಯಾಹ್ನ ನಮ್ಮ ಮನೆಯ ಬಾಗಿಲು ತೆರೆದೇ ಇರುತ್ತದೆ. ಆಫೀಸಿನವರು, ಮೈಸೂರಿನ ಎರಡು ಸಂಸಾರ, ಬಂದು ಹೋಗುತ್ತಲೇ ಇದ್ದರು. ಮೂರು ಗಂಟೆಗೆ ಬಾಗಿಲಲ್ಲಿ ಮುದುಕ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಫೈಲು.

ನಮ್ಮೂರಿನ ಕಡೆ ವರ್ಷವಿಡೀ ಮಾತು ಬಿಟ್ಟವರೂ ಹಬ್ಬದ ದಿನ ಬಂದು ತಬ್ಬಿಕೊಂಡು ಹೋಗುತ್ತಾರೆ. ಹಾಗೆ ಬಂದವನಿಗೆ ಹಳೆಯದನ್ನು ಎತ್ತಿ ಆಡುವಂತಿಲ್ಲ, ಬರಿ ಬಾಯಲ್ಲಿ ಕಳಿಸುವಂತಿಲ್ಲ, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ನನ್ನ ಎದೆ ಕರಗಿಹೋಯಿತು. ಯಾರೋ ಹೇಳಿರಬೇಕು, ಇವತ್ತು ಇವರ ಹಬ್ಬ ಎಂದು, ರಾಜಿಗೆ ಬಂದಿದ್ದಾರೆ! ಕೂರಿಸಿದೆ. ಒಂದು ಬಟ್ಟಲು ಶೀರ್ ಖುರ್ಮಾ ಕೊಟ್ಟೆ. ಆತ ಶಾವಿಗೆ, ದ್ರಾಕ್ಷಿ ಒಂದೂ ಬಿಡದೆ ತಿಂದು, "ಸಿಹಿ ಜಾಸ್ತಿ," ಎಂದ. ಅದೂ ನನಗೆ ಮುದ್ದಾಗಿ ಕೇಳಿಸಿತು. ಆಮೇಲೆ ಫೈಲಿನಿಂದ ಒಂದು ಹಾಳೆ ತೆಗೆದ.

"ಸಭೆಯ ದಿನ ನಿಮಗೆ ಆಫೀಸು ಇರುತ್ತದೆ. ಹೋದ ವರ್ಷವೂ ಬರಲಿಲ್ಲ. ಇದಕ್ಕೆ ಸಹಿ ಹಾಕಿದರೆ ನಿಮ್ಮ ಪರವಾಗಿ ನಾನು ಕೂರುತ್ತೇನೆ."

ಫೋಲ್‌ಮಾಖ್ಟ್. ಎಂದರೆ ನನ್ನ ಬದಲು ವೋಟು ಹಾಕುವ ಅಧಿಕಾರಪತ್ರ. ಓದದೆ ಇರಲಿಲ್ಲ ನಾನು. ಓದಿದೆ. ಆದರೆ ಬಟ್ಟಲು ಖಾಲಿ ಮಾಡಿದ ಅತಿಥಿ, ಎಂಬತ್ತು ದಾಟಿದ ಹಿರಿಯ, ಹಬ್ಬದ ದಿನ. ತಬ್ಬಿಕೊಳ್ಳಲು ಬಂದವನು ಅದೇ ಕೈಯಿಂದ ನನ್ನ ವೋಟು ತೆಗೆದುಕೊಂಡು ಹೋಗುತ್ತಾನೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸಹಿ ಹಾಕಿದೆ.

ಸಂಜೆ ಮಗಳಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು.

"ಅವರಿಗೆ ಹಬ್ಬ ಅಂತ ಗೊತ್ತೇ ಇಲ್ಲ, ಅಮ್ಮಿ. ನೀನು ಮನೇಲಿದ್ದೀಯ ಅಂತ ಬಂದ್ರು. ಅಷ್ಟೆ."

"ಹಾಗಲ್ಲ ಪುಟ್ಟಾ..."

"ಎಂಟು ವೋಟು. ನಾಲ್ಕು ಅವರ ಕಡೆ, ನಾಲ್ಕು ನಮ್ಮ ಕಡೆ. ಸಮ ಬಿದ್ರೆ ಪ್ರಸ್ತಾಪ ಬಿದ್ದು ಹೋಗುತ್ತೆ. ಈಗ ಅವರಿಗೆ ಐದು. ಐದನೇದು ನೀನು!"

ಯಜಮಾನರು ಬಾಗಿಲಿಗೆ ಒರಗಿ ನಿಂತು, "ಪಾಯಸ ಕುಡಿಸಿ ಗೋಡೆ ಕೊಟ್ಟುಬಿಟ್ಯಲ್ಲೇ," ಎಂದರು. ತಮಾಷೆಗೇ ಹೇಳಿದ್ದು. ಯಾರೂ ನಗಲಿಲ್ಲ. ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಬರುತ್ತಿದ್ದಳು, ತಿನ್ನುತ್ತಿದ್ದಳು, ಎದ್ದು ಹೋಗುತ್ತಿದ್ದಳು.

ಸಭೆಯ ದಿನ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಹತ್ತಿರದ ಹೋಟೆಲೊಂದರ ಹಿಂದಿನ ಕೋಣೆ, ಉದ್ದ ಮೇಜು, ಮುಂದೆ ಕಟ್ಟಡದ ವ್ಯವಸ್ಥೆ ನೋಡಿಕೊಳ್ಳುವ ಮೇಡಂ. ನಾನು ನಿಂತೇ ಹೇಳಿದೆ: "ನಾನು ಕೊಟ್ಟ ಫೋಲ್‌ಮಾಖ್ಟ್ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನನ್ನ ವೋಟು ನಾನೇ ಹಾಕುತ್ತೇನೆ."

ಮುದುಕ ಫೈಲಿನಿಂದ ಹಾಳೆ ತೆಗೆದು, ಎರಡು ಮಡಿಕೆ ಮಡಿಚಿ, ಮೇಜಿನ ಮೇಲೆ ನನ್ನ ಕಡೆ ತಳ್ಳಿದ. "ನಿಮ್ಮ ಸಹಿ ಎಂದರೆ ಇಷ್ಟೇ ಅನ್ನಿ."

"ನನ್ನ ಮನೆಯ ಹಬ್ಬ ಎಂದರೆ ನಿಮಗೆ ಅಷ್ಟೇ ಅಲ್ಲವೇ?"

"ಯಾವ ಹಬ್ಬ?" ಎಂದ ಮುದುಕ. ನಿಜವಾಗಿಯೂ ಗೊತ್ತಿರಲಿಲ್ಲ. ಮಗಳು ಹೇಳಿದ್ದೇ ಸರಿ, ಅದು ನನಗೆ ಇನ್ನಷ್ಟು ಉರಿ ಹತ್ತಿಸಿತು.

ಎರಡನೆಯ ಮಹಡಿಯ ಆರ್ಕಿಟೆಕ್ಟ್ ಯುವಕ ಎದ್ದು ಆ ಚಿತ್ರ ಎಂಥ ಅಪರೂಪದ ದಾಖಲೆ ಎಂದು ಹತ್ತು ನಿಮಿಷ ಮಾತಾಡಿದ. ಮುದುಕ ಪ್ರತಿಯೊಂದಕ್ಕೂ ಒಂದೇ ಉತ್ತರ ಕೊಟ್ಟ: "ಗೋಡೆ ತೇವ." ಕೈ ಎತ್ತಿದರು. ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಪ್ರಸ್ತಾಪ ಬಿತ್ತು. ಮುದುಕ ಯಾರಿಗೂ ಹೇಳದೆ ಎದ್ದು ಹೋದ. ನಾನು ಮನೆಗೆ ಬಂದು ಬಾಗಿಲು ತೆರೆಯುವಾಗಲೇ ಕೂಗಿ ಹೇಳಿದೆ, ಮಗಳು ಬಂದು ಕುತ್ತಿಗೆಗೆ ಬಿದ್ದಳು. ಅವತ್ತು ನನ್ನಷ್ಟು ದೊಡ್ಡವಳು ಈ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಬಟ್ಟೆ ಹಾಕಲು ಹೋದ ಮಗಳು ಬುಟ್ಟಿ ಬಿಟ್ಟು ಓಡಿಬಂದಳು. "ಅಮ್ಮಿ, ಬಳೀತಿದ್ದಾರೆ!"

ಹೋಗಿ ನೋಡಿದರೆ ಮುದುಕ ಸ್ಟೂಲಿನ ಮೇಲೆ ಕೂತು, ಸಣ್ಣ ಡಬ್ಬದ ಬಿಳಿ ಬಣ್ಣ ಇಟ್ಟುಕೊಂಡು, ಎರಡು ಬೆರಳಗಲದ ಬ್ರಷ್ಷಿನಲ್ಲಿ ಬಳಿಯುತ್ತಿದ್ದ. ಇಡೀ ಗೋಡೆಯನ್ನಲ್ಲ. ಮೂಲೆಯ ಹೆಂಗಸನ್ನು ಮಾತ್ರ. ಬಾಯಿ ಬಿಳಿಯಾಗಿಹೋಗಿತ್ತು. ಮೂಗು ಅರ್ಧ ಉಳಿದಿತ್ತು. ಸಭೆಯಲ್ಲಿ ಸೋತ ಮೇಲೆ, ಎಂಟು ಜನರಿಗೆ ಸೇರಿದ ಗೋಡೆಗೆ ಕಳ್ಳತನದಿಂದ ಬಣ್ಣ! ಕಟ್ಟಳೆಯ ಗಾಜು ಒರೆಸುತ್ತಿದ್ದ ಮನುಷ್ಯ! ನನ್ನ ನಾಲ್ಕು ವರ್ಷದ ಚೀಟಿಗಳೆಲ್ಲ ಒಟ್ಟಿಗೆ ನೆನಪಾದವು.

"ಫೋಟೋ ತೆಗಿ," ಎಂದೆ ಮಗಳಿಗೆ. "ಮೇಡಂಗೆ ಕಳಿಸೋಣ. ಇವತ್ತೇ."

ಅವಳು ಫೋನು ಎತ್ತಿದಳು. ಮುದುಕ ತಿರುಗದೆ ಹೇಳಿದ:

"ತೆಗೆಯಿರಿ. ಅದು ನನ್ನ ತಾಯಿ. ಅವಳಿಗೆ ಎಲ್ಲ ಹಲ್ಲೂ ಇದ್ದವು."

ಬ್ರಷ್ಷು ನಿಲ್ಲಲಿಲ್ಲ. ಬಳಿಯುತ್ತಲೇ ಹೇಳಿದ, ತುಂಡು ತುಂಡಾಗಿ. ಯುದ್ಧ ಮುಗಿದಾಗ ಅಮೆರಿಕದವರು ಇವರ ಮನೆ ತೆಗೆದುಕೊಂಡರು. ಎರಡು ಗಂಟೆಯ ಗಡುವು, ಕೈಯಲ್ಲಿ ಹಿಡಿದಷ್ಟು ಸಾಮಾನು. ತಂದೆ ಯುದ್ಧದಿಂದ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಚಿಕ್ಕಮ್ಮನ ಮನೆಯ ಅಟ್ಟದ ಮೇಲೆ ಎಂಟು ವರ್ಷ. ಈ ಕಟ್ಟಡಗಳು ಎದ್ದ ಮೇಲೆ ತಾಯಿ ಇಲ್ಲಿಗೆ ಬಟ್ಟೆ ಒಗೆಯಲು ಬರುತ್ತಿದ್ದಳು, ಇದೇ ಕೋಣೆಗೆ. ಅಟ್ಟದ ಮೇಲೆ ಬೆಂಕಿಯಿರಲಿಲ್ಲ, ಇಲ್ಲಿ ಬೆಚ್ಚಗಿತ್ತು, ಅದಕ್ಕೆ ಮಗನನ್ನೂ ಕರೆತಂದು ಹಬೆಯ ಪಕ್ಕ ಕೂರಿಸುತ್ತಿದ್ದಳು. ಒಂದು ದಿನ ಬಂದು ನೋಡಿದರೆ ಗೋಡೆಯ ಮೇಲೆ ಇದು. ಸೈನಿಕರು ಸುತ್ತ ನಿಂತು ನಗುತ್ತಿದ್ದರು. ಅವಳೂ ನಕ್ಕಳು.

"ನಗದಿದ್ದರೆ ಕೆಲಸ ಹೋಗುತ್ತಿತ್ತು," ಎಂದ ಮುದುಕ.

"ಮೊದಲೇ ಹೇಳಬಹುದಿತ್ತಲ್ಲ," ಎಂದೆ. ನನ್ನ ದನಿ ಇನ್ನೂ ಜಗಳದಲ್ಲೇ ಇತ್ತು. "ತೇವ ತೇವ ಅನ್ನುವ ಬದಲು."

ಈಗ ತಿರುಗಿದ. "ಯಾರಿಗೆ? ನಿಮಗಾ? ನೀವು ನಕ್ಕಿರಿ."

ಮಗಳು ಫೋನು ಕೆಳಗಿಳಿಸಿ ಜೇಬಿಗೆ ಹಾಕಿದಳು. ಆಮೇಲೆ ಕೇಳಿದಳು: "ಹಾಗಿದ್ರೆ ಇದೇ ಕಟ್ಟಡದಲ್ಲಿ ಯಾಕೆ ಮನೆ ತಗೊಂಡ್ರಿ?"

"ಅವರು ಇನ್ನು ಇಲ್ಲಿ ಇಲ್ಲ ಅನ್ನುವುದನ್ನು ದಿನವೂ ನೋಡಲು."

ಉಳಿದ ಮೂಗು, ಕೆನ್ನೆ, ಚಾಕಲೇಟಿನ ಕೈ ಎಲ್ಲ ಬಿಳಿಯಾಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಕ್ಷಮೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಈ ಮನುಷ್ಯನಿಗೆ ಹೇಗೆ ಕೇಳುವುದು ಗೊತ್ತಾಗಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಇದು:

"ಬೀರು ವಾಪಸು ತಳ್ಳೋಣ."

"ಈಗಲ್ಲ. ಒಣಗಲು ನಾಲ್ಕು ಗಂಟೆ, ಡಬ್ಬದ ಮೇಲೆ ಬರೆದಿದೆ," ಎಂದ.

ಸರಿಯಾಗಿ ನಾಲ್ಕು ಗಂಟೆ ಕಳೆದ ಮೇಲೆ ಮುದುಕ ನಮ್ಮ ಮನೆಯ ಗಂಟೆ ಬಾರಿಸಿದ. ಮೂವರೂ ಸೇರಿ ತಳ್ಳಿದೆವು. ಮುದುಕ ದೂರ ನಿಂತು ನೋಡಿ, "ಎಡಕ್ಕೆ ಎರಡು ಸೆಂಟಿಮೀಟರ್," ಎಂದ. ಎಡಕ್ಕೆ ಎರಡು ಸೆಂಟಿಮೀಟರ್ ತಳ್ಳಿದೆವು. ಧನ್ಯವಾದ ಹೇಳಲಿಲ್ಲ. ನಾನು ಕಾದೆ; ಹೇಳಲಿಲ್ಲ.

ತರಗತಿ ಬಂದ ದಿನ ನಾನು ಮನೆಯಿಂದಲೇ ಕೆಲಸ ಮಾಡಿದೆ, ಮೆಟ್ಟಿಲ ಕೊನೆಯಲ್ಲಿ ನಿಂತು ಕೇಳಿಸಿಕೊಂಡೆ. ಹೊರಗೆ ಮಳೆ. ಮುದುಕ ಹೊರಬಾಗಿಲಲ್ಲಿ ನಿಂತು ಇಪ್ಪತ್ತಾರು ಜೋಡಿ ಶೂಗಳನ್ನು ಒಂದೊಂದಾಗಿ ಕಾಲೊರಸಿನ ಮೇಲೆ ಉಜ್ಜಿಸಿಯೇ ಒಳಗೆ ಬಿಟ್ಟ. "ಇನ್ನೊಂದು ಸಲ. ಹಿಮ್ಮಡಿಯನ್ನೂ." ಮಕ್ಕಳು ಗೊಣಗುತ್ತ ಇಳಿದರು. ಮಗಳು ಗಾಡಿಗಳಿಂದ ಶುರುಮಾಡಿದಳು. ಗುಡ್ಡದ ಮೇಲಿನ ಮೂವರ ಹತ್ತಿರ ಬಹಳ ಹೊತ್ತು ನಿಂತಳು. ಗೂಟ ಹೊಡೆದ ಕತೆ ನನ್ನದೇ ಮಾತಿನಲ್ಲಿ ಜರ್ಮನಿಗೆ ಬಂದಿತ್ತು. ಹಡಗು, ಕಂದಕ, ರೊಟ್ಟಿಯ ಸಾಲು, ವಿಮಾನಗಳು, ಮುರಿದ ಊರು.

"ಬೀರುವಿನ ಹಿಂದೆ ಏನಿದೆ?" ಯಾರೋ ಕೇಳಿದರು.

"ಅಲ್ಲಿಂದ ಮುಂದಿನದು ಅಮೆರಿಕದ ಇತಿಹಾಸ ಅಲ್ಲ," ಎಂದಳು ಮಗಳು. "ಅದು ಒಂದು ಮನೆಯವರದು."

ಟೀಚರು ಮತ್ತೇನೋ ಕೇಳಿದರು, ನನಗೆ ಸರಿಯಾಗಿ ಕೇಳಿಸಲಿಲ್ಲ. ಮೇಲೆ ಮುದುಕ ಕಾಲೊರಸನ್ನು ಎತ್ತಿ ಗೋಡೆಗೆ ಬಡಿದು ಕೆಸರು ಕೊಡವುತ್ತಿದ್ದ.

ಎರಡು ವಾರದ ಮೇಲೆ ಆರ್ಕಿಟೆಕ್ಟ್ ಯುವಕ ಒಂದು ಹಾಳೆ ಹಿಡಿದು ಬಂದ. ಕೆಳಮನೆಯವರು ಬೀರು ಮತ್ತೆ ಅದೇ ಜಾಗದಲ್ಲಿ ಇಟ್ಟಿದ್ದಾರೆ, ಕಲಂ ನಾಲ್ಕಕ್ಕೆ ವಿರುದ್ಧ, ಚಿತ್ರ ಪೂರ್ತಿ ಕಾಣುವುದಿಲ್ಲ, ಮೇಡಂಗೆ ದೂರು ಕೊಡೋಣ. ಮೂರು ಸಹಿ ಆಗಿದ್ದವು. ನಾಲ್ಕನೆಯದು ನನ್ನದಾಗಬೇಕಿತ್ತು.

"ಕಲಂ ನಾಲ್ಕು ಮೊದಲು ಎತ್ತಿದ್ದು ನೀವೇ ಅಂತ ಕೇಳಿದೆ," ಎಂದು ನಗುತ್ತ ಪೆನ್ನು ಕೊಟ್ಟ. ಒಳ್ಳೆಯ ಹುಡುಗ, ಸಭೆಯಲ್ಲಿ ನಮ್ಮ ಪರ ಮಾತಾಡಿದವನು. ಕೈಯಲ್ಲಿ ನಾನೇ ಕೊಟ್ಟ ಚಹದ ಕಪ್ಪು ಬೇರೆ. ಇಲ್ಲ ಎನ್ನುವುದು ನನಗೆ ಎಷ್ಟು ಕಷ್ಟ ಎಂದು ಇಷ್ಟು ಓದಿದವರಿಗೆ ಗೊತ್ತು.

"ಇಲ್ಲ," ಎಂದೆ.

"ಯಾಕೆ?"

"ಗೋಡೆ ತೇವ," ಎಂದೆ.

ಅದರ ಮುಂದಿನ ಭಾನುವಾರ ಮಗಳಿಗೆ ಆಟದ ಬಟ್ಟೆ ಬೇಕಿತ್ತು, ಒಂದೇ ಒಂದು ಸಲ ಮೆಷಿನ್ ಹಾಕಿದೆ. ಸೋಮವಾರ ಬಾಗಿಲ ಮೇಲೆ ಚೀಟಿ. ಕಲಂ ಒಂಬತ್ತು, ಕೆಳಗೆ ಎರಡು ಗೆರೆ. ಸಿಟ್ಟಿನಿಂದ ನಾಲ್ಕು ಚೂರು ಮಾಡಿ ಹರಿದೆ. ಆಮೇಲೆ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದು ಹೋಗಿ, ಕಾಗದದ ತೊಟ್ಟಿಗೇ ಹಾಕಿ ಬಂದೆ. ಕೆಳಮನೆಯ ಕಿಟಕಿಯ ಪರದೆ ಅಲ್ಲಾಡುತ್ತಿತ್ತು.